ಎತ್ತಿಗೆ ಹಲ್ಲು, ಆರ್‌ಎಕ್ಸ್‌ಗೆ ಬೋರು

ಪ್ರಶ್ನೆ: ಸರ್, ನಮ್ಮದು ಮುಧೋಳ ತಾಲ್ಲೂಕಿನ ಹಳ್ಳಿ. ಊರಾಗಿನ ನಿವೃತ್ತ ಮಾಸ್ತರರ ಮನಿಯಾಗ 1993ರ ಯಮಹಾ ಆರ್‌ಎಕ್ಸ್ 100 ಐದು ವರ್ಷದಿಂದ ನಿಂತೈತಿ. ಆರ್‌ಸಿ 2023ಕ್ಕ ಮುಗಿದೈತಿ. ಎಂಬತ್ತು ಸಾವಿರ ಹೇಳ್ತಾರ. ಕಿಕ್ ಇಳೀತೈತಿ, ಆದ್ರ ಚಾಲೂ ಆಗಿಲ್ಲ. ತಗೋಬೇಕೋ ಬ್ಯಾಡೋ? ತಗೊಂಡ್ರ ಮೊದ್ಲು ಏನು ಮಾಡ್ಲಿ? ದಿನಾ ಬಾಗಲಕೋಟಿಗೆ ಹೋಗಿ ಬರಾಕ, ವರ್ಷಕ್ಕೊಮ್ಮೆ ಬೆಳಗಾವಿ ಮ್ಯಾಲಿಂದ ಗೋವಾಕ ಹೋಗಾಕ ನಡೀತೈತೇನು? ಈಗಿನ ಪೆಟ್ರೋಲ್ ಹಾಕಿದ್ರ ಎಂಜಿನ್ ಹಾಳಾಗ್ತೈತಿ ಅಂತಾರ, ಖರೇ ಏನು?

ಉತ್ತರ: ತಗೊಳ್ಳಬಹುದು. ಆದರೆ ದುಡ್ಡು ಎಣಿಸುವ ಮೊದಲು ಎಂಜಿನ್ನಿನ ಮೇಲ್ಮುಚ್ಚಳ ಹೆಡ್ ಬಿಚ್ಚಿ ಬೋರು, ಎಂದರೆ ಪಿಸ್ಟನ್ ಏರಿಳಿಯುವ ಕೊಳವೆ, ನೋಡಬೇಕು, ಆರ್‌ಸಿಯಲ್ಲಿರುವ ಎಂಜಿನ್ ಮತ್ತು ಚಾಸಿ ನಂಬರು ಗಾಡಿಯ ಮೇಲೂ ಅವೇ ಇವೆಯೇ ಎಂದು ಓದಿ ನೋಡಬೇಕು. ಇವೆರಡೂ ಆಗುವ ತನಕ ಕಿಕ್ಕಿಗೆ ಕಾಲಿಡಬೇಡಿ. ಐದು ವರ್ಷ ನಿಂತ ಟೂ-ಸ್ಟ್ರೋಕ್ ಎಂಜಿನ್ನಿನ ಬೋರಿನಲ್ಲಿ ಎಣ್ಣೆಯ ಪಸೆ ಉಳಿದಿರುವುದಿಲ್ಲ. ತುಕ್ಕಿನ ಪುಡಿ ಪಿಸ್ಟನ್ ರಿಂಗಿನ ಸಂದಿಯಲ್ಲಿ ಕೂತಿರುತ್ತದೆ. ಒಣ ಬೋರಿನಲ್ಲಿ ಹತ್ತು ಕಿಕ್ ಹೊಡೆದರೆ ಗೆರೆ ಬಿದ್ದವೆಂದೇ ಲೆಕ್ಕ, ಆ ಗೆರೆಯ ಖರ್ಚು ಕೊಂಡವನ ತಲೆಗೆ.

ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಕೊಂಬಿನ ಬಣ್ಣ ನೋಡಿ ಮರುಳಾಗುವುದಿಲ್ಲ, ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರೆ. ಈ ಗಾಡಿಯ ಹಲ್ಲು ಅದರ ಬೋರು. ಕಂಪನಿಯಿಂದ ಬಂದಾಗ ಬೋರು 50 ಮಿ.ಮೀ., ಪಿಸ್ಟನ್ ಏರಿಳಿಯುವ ದೂರ ಸ್ಟ್ರೋಕೂ 50 ಮಿ.ಮೀ., ಒಟ್ಟು 98 ಸಿಸಿ. ಸವೆದಾಗ ಬೋರು ಕೊರೆದು 0.25, 0.50, 0.75, ಕೊನೆಗೆ 1.00 ಮಿ.ಮೀ. ದೊಡ್ಡ ಪಿಸ್ಟನ್ ಹಾಕುತ್ತಾರೆ. ಎಂದರೆ ಬೋರಿರುವ ಒಂದು ಬ್ಲಾಕಿಗೆ ನಾಲ್ಕು ಮರುಆಯುಷ್ಯ. ಹೆಡ್ಡಿನ ನಾಲ್ಕು ನಟ್ಟು ಬಿಚ್ಚಿದರೆ ಪಿಸ್ಟನ್ನಿನ ತಲೆ ಕಾಣುತ್ತದೆ. ಮಸಿ ಕೆರೆದು ನೋಡಿ: 25, 50, 75, 100 (ಎಂದರೆ 0.25ರಿಂದ 1.00 ಮಿ.ಮೀ.) ಇವುಗಳಲ್ಲಿ ಯಾವ ಗುರುತಿದೆಯೋ ಅಷ್ಟು ಆಯುಷ್ಯ ಖರ್ಚಾಗಿದೆ. ಗುರುತೇ ಇಲ್ಲದಿದ್ದರೆ ಸ್ಟ್ಯಾಂಡರ್ಡ್ ಬೋರು, ನಿಮ್ಮ ಅದೃಷ್ಟ. 100 ಇದ್ದು ಬೋರೂ ಸವೆದಿದ್ದರೆ ಬೋರಿನೊಳಗೆ ಹೊಸ ಸ್ಲೀವ್ (ಉಕ್ಕಿನಂಥ ಗಟ್ಟಿ ಕೊಳವೆ) ಕೂರಿಸಬೇಕು, ಇಲ್ಲವೇ ಬೇರೆ ಬ್ಲಾಕ್ ಹುಡುಕಬೇಕು. ಅಳತೆಯ ವರ್ನಿಯರ್ ಇಟ್ಟಾಗ ಬೋರು 58 ಮಿ.ಮೀ. ಬಂದರೆ ಅದು ಆರ್‌ಎಕ್ಸ್ 135ರ ಸಾಮಾನು, 132 ಸಿಸಿ. ಓಡಿಸಲು ಮಜವಾಗಿರಬಹುದು, ಆದರೆ 100ರ ಆರ್‌ಸಿಗೆ ಅದು ಹೊಂದುವುದಿಲ್ಲ.

ಬೋರಿನ ಮೇಲ್ತುದಿಯಲ್ಲಿ ಉಗುರು ಎಳೆಯಿರಿ. ಮೆಟ್ಟಿಲಿನಂತೆ ಉಗುರು ತಡೆದರೆ ಸವೆದಿದೆ. ಸೈಲೆನ್ಸರ್ ಕಡೆಯ ಗೋಡೆಯಲ್ಲಿ ಉದ್ದುದ್ದ ಗೆರೆ, ಅಲ್ಲಲ್ಲಿ ಅಲ್ಯೂಮಿನಿಯಂ ಮೆತ್ತಿಕೊಂಡ ಕಲೆ ಕಂಡರೆ ಹಿಂದೆ ಜಾಮ್ ಆಗಿದ್ದ ಎಂಜಿನ್ನು. ಆಮೇಲೆ ಪಿಸ್ಟನ್ ಮೇಲೇರುವಂತೆ ಹಿಂದಿನ ಗಾಲಿ ತಿರುಗಿಸಿ, ತಲೆಯ ಮೇಲೆ ಬೆರಳಿಟ್ಟು ಗಾಲಿಯನ್ನು ಸ್ವಲ್ಪ ಹಿಂದೆ ಮುಂದೆ ಆಡಿಸಿ. ಪಿಸ್ಟನ್ ಕದಲುವ ಮೊದಲು ಒಳಗೆ ‘ಟಕ್’ ಎಂದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ (ಎಂಜಿನ್ನಿನ ತಿರುಗುವ ದಂಡಕ್ಕೆ) ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋಗಿದೆ, ಕ್ರ್ಯಾಂಕ್ ಕೆಲಸ ಬಂತು. ಮಾಸ್ತರರು ಹೆಡ್ ಬಿಚ್ಚಲು ಒಪ್ಪಬೇಕಾದರೆ ಹೊಸ ಹೆಡ್ ಗ್ಯಾಸ್ಕೆಟ್ ನೀವೇ ತಂದುಕೊಡಿ. ಅಷ್ಟಕ್ಕೂ ಬೇಡವೆಂದರೆ ಬೆಲೆಯಲ್ಲಿ ಪೂರ್ತಿ ಎಂಜಿನ್ ಕೆಲಸದ ಖರ್ಚು ಕಳೆದು ಮಾತಾಡಿ. ಪಿಸ್ಟನ್ನಿನ ಗುರುತು 50ರೊಳಗಿದ್ದು, ನಂಬರು ಹೊಂದಿ, ಎಂಜಿನ್ನಿಗೆ ಎಣ್ಣೆ ಕೊಡುವ ಆಯಿಲ್ ಪಂಪು ಜಾಗದಲ್ಲೇ ಇದ್ದರೆ ಎಂಬತ್ತು ಸಾವಿರ ಚೌಕಾಶಿಗೆ ಕೂರುವಂಥ ಬೆಲೆ. ಹೊಸ ಪೇಂಟು, ಕ್ರೋಮು, ಸ್ಟಿಕರಿಗೆ ಒಂದು ರೂಪಾಯಿಯೂ ಹೆಚ್ಚು ಕೊಡಬೇಡಿ. ಅವು ಇಲ್ಲದಿದ್ದರೇ ಒಳ್ಳೆಯದು, ಏನನ್ನೂ ಮುಚ್ಚಿಟ್ಟಿರುವುದಿಲ್ಲ.

ಇನ್ನು ಕಾಗದ. 1985ರಿಂದ 1996ರ ತನಕ ಯಮಹಾದ ಜೊತೆ ಸೇರಿ ಎಸ್ಕಾರ್ಟ್ಸ್ ಕಂಪನಿ ತಯಾರಿಸಿದ ಈ ಗಾಡಿಗಳನ್ನು ಎಲ್ಲರೂ ‘ವಿಂಟೇಜ್’ ಎಂದು ಮಾರುತ್ತಾರೆ. ಕಾನೂನಿಗೆ ಇದು ವಿಂಟೇಜ್ ಅಲ್ಲ. 2021ರಲ್ಲಿ ಬಂದ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನಕ್ಕೆ ಮಾತ್ರ ಆ ಹೆಸರು, ಮತ್ತು ಅಂಥದ್ದನ್ನು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ನಿಮ್ಮದು ಸಾದಾ ಹಳೆಯ ಮೋಟರ್‌ಸೈಕಲ್, ಅದೇ ಒಳ್ಳೆಯದಾಯಿತು. 15 ವರ್ಷದ ಮೊದಲ ಅವಧಿ 2008ಕ್ಕೆ ಮುಗಿದು, ಆಮೇಲೆ ಐದೈದು ವರ್ಷಕ್ಕೆ ನವೀಕರಣವಾಗುತ್ತ ಬಂದು 2023ಕ್ಕೆ ನಿಂತಿದೆ. ಮೊದಲು ಮಾಸ್ತರರ ಹೆಸರಿನಲ್ಲೇ ಫಾರಂ 25 ಕೊಟ್ಟು ನವೀಕರಿಸಿ, ಆಮೇಲೆ ಫಾರಂ 29 ಮತ್ತು 30ರಿಂದ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. 20 ವರ್ಷ ದಾಟಿದ ಬೈಕಿನ ನವೀಕರಣ ಶುಲ್ಕ 2025ರ ಆಗಸ್ಟ್ ತಿದ್ದುಪಡಿಯಲ್ಲಿ 2,000 ರೂಪಾಯಿ ಆಗಿದೆ. ತಡವಾದ ಪ್ರತಿ ತಿಂಗಳಿಗೆ 300 ರೂಪಾಯಿ ಹೆಚ್ಚುವರಿ. ಎರಡು ವರ್ಷದ ಮೇಲಾಗಿರುವುದರಿಂದ ಇದೇ ದೊಡ್ಡ ಮೊತ್ತ, ವ್ಯವಹಾರದಲ್ಲಿ ಯಾರು ಕಟ್ಟುವುದೆಂದು ಮೊದಲೇ ಮಾತಾಡಿಕೊಳ್ಳಿ. ವಿಮೆ, ಎಚ್‌ಎಸ್‌ಆರ್‌ಪಿ ಪ್ಲೇಟು, ಹೊಗೆ ತಪಾಸಣೆ ಬೇಕೇ ಬೇಕು. 2000ದ ಮಾರ್ಚ್ ಕೊನೆಯ ತನಕ ತಯಾರಾದ ದ್ವಿಚಕ್ರಕ್ಕೆ ಕಾರ್ಬನ್ ಮಾನಾಕ್ಸೈಡ್ ಮಿತಿ ನೂರಕ್ಕೆ 4.5, ಹೈಡ್ರೋಕಾರ್ಬನ್ 9,000 ಪಿಪಿಎಂ. ಸರಿಯಾಗಿರುವ ಟೂ-ಸ್ಟ್ರೋಕ್ ಇದರೊಳಗೆ ಬರುತ್ತದೆ, ಬರದಿದ್ದರೆ ಗಾಡಿಯಲ್ಲೇ ಏನೋ ಕೆಟ್ಟಿದೆ. ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆಯುವಾಗ ಅಕ್ಷರ ಮಸುಕಾಗಿಯೋ ವಾರೆಯಾಗಿಯೋ ಕಂಡರೆ, ಸುತ್ತ ಗ್ರೈಂಡರ್ ಆಡಿಸಿದ ಗುರುತಿದ್ದರೆ, ನಮಸ್ಕಾರ ಹೇಳಿ ಎದ್ದುಬನ್ನಿ. ಆರ್‌ಎಕ್ಸ್ ಕಳವಿಗೂ ಹೆಸರಾದ ಗಾಡಿ. ಮಹಾರಾಷ್ಟ್ರದ ಪ್ಲೇಟಿನ ಗಾಡಿ ಅಗ್ಗವೆಂದು ಯಾರಾದರೂ ತೋರಿಸಿದರೆ ಅಲ್ಲಿಯ ಆರ್‌ಟಿಒದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಇಲ್ಲಿಯ ತೆರಿಗೆಯನ್ನು ಲೆಕ್ಕಕ್ಕೆ ಸೇರಿಸಿ ನೋಡಿ, ಅಗ್ಗ ಎಲ್ಲಿಯೂ ಉಳಿದಿರುವುದಿಲ್ಲ.

ಕೊಂಡಾಯಿತು ಎನ್ನಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿನಲ್ಲಿ 5 ಮಿ.ಲೀ. ಟೂ-ಟಿ (ಟೂ-ಸ್ಟ್ರೋಕ್ ಎಂಜಿನ್ನಿನ) ಆಯಿಲ್ ಬಿಟ್ಟು ಒಂದು ರಾತ್ರಿ ಹಾಗೇ ಇಡಿ. ಮರುದಿನ ಪ್ಲಗ್ ಹಾಕದೆ, ನಾಲ್ಕನೇ ಗೇರಿನಲ್ಲಿ ಹಿಂದಿನ ಗಾಲಿಯನ್ನು ಕೈಯಿಂದ ತಿರುಗಿಸಿ. ಸಲೀಸಾಗಿ ತಿರುಗಿದ ಮೇಲೆ ಬಾಕಿ ಮಾತು. ಟ್ಯಾಂಕಿನ ಹಳೇ ಪೆಟ್ರೋಲ್ ಚೆಲ್ಲಿ ಟಾರ್ಚ್ ಬಿಟ್ಟು ಒಳಗೆ ನೋಡಿ. ತುಕ್ಕಿದ್ದರೆ ತಳದ ಪೆಟ್ರೋಲ್ ನಲ್ಲಿ, ಎಂದರೆ ಕಾಕ್ ಬಿಚ್ಚಿ ತೂತು ಮುಚ್ಚಿ, ಹಳೇ ಚೈನಿನ ಒಂದು ತುಂಡು ಮತ್ತು ಬಿಳಿ ವಿನೆಗರ್ ಹಾಕಿ ಒಂದು ದಿನ ಬಿಡಿ, ನಡುನಡುವೆ ಅಲುಗಾಡಿಸಿ. ಆಮೇಲೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು, ಬಿಸಿಲಿಗೆ ಪೂರ್ತಿ ಒಣಗಿಸಿ, ಕೂಡಲೇ ಎಣ್ಣೆ ಬೆರೆಸಿದ ಪೆಟ್ರೋಲ್ ಆಡಿಸಿ. ಒಣಗಿಸಿ ಹಾಗೇ ಬಿಟ್ಟರೆ ಸಂಜೆಯೊಳಗೆ ಮತ್ತೆ ಕೆಂಪಗಾಗುತ್ತದೆ.

ಆಯಿಲ್ ಟ್ಯಾಂಕಿನಲ್ಲಿ ಹಳೇ ಟೂ-ಟಿ ಜೇನಿನಂತೆ ಗಟ್ಟಿಯಾಗಿರುತ್ತದೆ. ಅದನ್ನು ತೆಗೆದು, ಪೈಪು ಹೊಸದು ಹಾಕಿ, ಒಳಗಿನ ಗಾಳಿ ಬಿಡಲು ಪಂಪಿನ ಬ್ಲೀಡ್ ಸ್ಕ್ರೂ ಸಡಿಲಿಸಿ ಗುಳ್ಳೆಯಿಲ್ಲದ ಎಣ್ಣೆ ಬರುವ ತನಕ ಕಾಯಿರಿ. ಆಕ್ಸಿಲೇಟರ್ ಕೇಬಲ್ ಒಂದು ಕಡೆ ಕಾರ್ಬುರೇಟರಿಗೆ, ಇನ್ನೊಂದು ಕಡೆ ಪಂಪಿಗೆ ಹೋಗುತ್ತದೆ. ತಿರುವಿದಾಗ ಪಂಪಿನ ರಾಟೆ ಜೊತೆಗೇ ತಿರುಗಬೇಕು, ಬಿಟ್ಟಾಗ ಪಟ್ಟನೆ ಮರಳಬೇಕು. ಪಂಪನ್ನು ನಂಬುವ ಮೊದಲು ಮೊದಲ ಎರಡು ಲೀಟರ್ ಪೆಟ್ರೋಲಿಗೆ ಲೀಟರಿಗೆ 20 ಮಿ.ಲೀ. ಆಯಿಲ್ ಕೈಯಾರೆ ಬೆರೆಸಿ. ಆಯಿಲ್ ಟ್ಯಾಂಕಿನ ಮಟ್ಟಕ್ಕೆ ಗುರುತು ಹಾಕಿ 200 ಕಿ.ಮೀ. ಓಡಿಸಿದ ಮೇಲೆ 100 ಮಿ.ಲೀ. ಆಸುಪಾಸು ಇಳಿದಿರಬೇಕು. ಇಳಿದೇ ಇಲ್ಲವೆಂದರೆ ಅಲ್ಲಿಗೇ ನಿಲ್ಲಿಸಿ.

ನಮ್ಮ ಕಡೆಯ ಮಿಸ್ತ್ರಿಗಳಲ್ಲಿ ಒಂದು ರೂಢಿ ಇದೆ. ಗಾಡಿ ಕೈಗೆ ಬಂದ ಕೂಡಲೇ ಪಂಪು ಕಿತ್ತು ‘ಪೆಟ್ರೋಲಿಗೇ ಆಯಿಲ್ ಹಾಕ್ಕೋರಿ, ಚಿಂತಿಲ್ಲ’ ಎನ್ನುತ್ತಾರೆ. ಪಂಪಿನ ಕಿಟ್ ಸಿಗದಿದ್ದ ಕಾಲದಲ್ಲಿ ಅದು ಸರಿ. ಈಗಿನ ಪೆಟ್ರೋಲಿನಲ್ಲಿ ಅದು ತಪ್ಪು, ಕಾರಣ ಕೆಳಗೆ ಬರುತ್ತದೆ.

ಎಂಜಿನ್ ಚಾಲೂ ಆಯಿತು, ಹೊಗೆ ಬಂತು, ಶಬ್ದವೂ ಕೇಳಿಸಿತು. ನಿಜವಾದ ಪರೀಕ್ಷೆ ಇಲ್ಲಿಂದ ಶುರು. ಟೂ-ಸ್ಟ್ರೋಕಿನಲ್ಲಿ ಪೆಟ್ರೋಲು, ಗಾಳಿ, ಎಣ್ಣೆ ಮೂರೂ ಮೊದಲು ಕ್ರ್ಯಾಂಕಿನ ಗೂಡಿಗೆ ಹೋಗಿ ಅಲ್ಲಿಂದ ಮೇಲೇರುತ್ತವೆ. ಆ ಗೂಡಿಗೆ ಎಲ್ಲಿಂದಲಾದರೂ ಕಳ್ಳಗಾಳಿ ನುಗ್ಗಿದರೆ ಮಿಶ್ರಣ ತೆಳುವಾಗಿ ಪಿಸ್ಟನ್ ಕಾದು ಹಿಗ್ಗಿ ಬೋರಿಗೆ ಕಚ್ಚಿಕೊಳ್ಳುತ್ತದೆ. ಬೋರು ಮಾಡಿಸಿ ಆರು ತಿಂಗಳಿಗೆ ಮತ್ತೆ ಜಾಮ್ ಆಯಿತೆಂದು ಪಿಸ್ಟನ್ನಿಗೆ ಬೈಯುವವರು ಬಹಳ. ಪಿಸ್ಟನ್ನಿನದು ತಪ್ಪಿರುವುದು ಕಡಿಮೆ, ಸೀಲು ಬದಲಿಸದೆ ಬೋರು ಮಾಡಿಸಿರುತ್ತಾರೆ.

ಎಡಗಡೆ ಮ್ಯಾಗ್ನೆಟ್ಟಿನ ಹಿಂದಿನ ಆಯಿಲ್ ಸೀಲ್ ಗಟ್ಟಿಯಾಗಿ ಬಿರಿದರೆ ಗಾಳಿ ಒಳಗೆ ಬರುತ್ತದೆ. ಐಡ್ಲಿಂಗ್ ಒಮ್ಮೆ ಏರುವುದು ಒಮ್ಮೆ ಇಳಿಯುವುದು, ಆಕ್ಸಿಲೇಟರ್ ಬಿಟ್ಟರೂ ಎಂಜಿನ್ ತಾನೇ ರೇಸ್ ಆಗಿ ನಿಧಾನಕ್ಕೆ ಇಳಿಯುವುದು ಇದರ ಲಕ್ಷಣ. ಬಲಗಡೆ ಕ್ಲಚ್ಚಿನ ಹಿಂದಿನ ಸೀಲ್ ಹೋದರೆ ಗೇರ್ ಆಯಿಲನ್ನೇ ಎಂಜಿನ್ ಹೀರುತ್ತದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲುವುದಿಲ್ಲ, ಪ್ಲಗ್ ಒದ್ದೆ, ಗೇರ್ ಆಯಿಲ್ ಮಟ್ಟ ತಿಂಗಳು ತಿಂಗಳು ಇಳಿಯುತ್ತದೆ. ಎಡಗಡೆಯದು ಎಂಜಿನ್ ಕೊಲ್ಲುತ್ತದೆ, ಬಲಗಡೆಯದು ಮಾನ ಕಳೆಯುತ್ತದೆ ಅಷ್ಟೆ. ಮೂರನೇ ಜಾಗ ಕಾರ್ಬುರೇಟರ್ ಮತ್ತು ಬ್ಲಾಕಿನ ನಡುವಿನ ರಬ್ಬರ್ ಮ್ಯಾನಿಫೋಲ್ಡ್. ಐಡ್ಲಿಂಗಿನಲ್ಲಿ ಅದರ ಸುತ್ತ ಕಾರ್ಬುರೇಟರ್ ಕ್ಲೀನರ್ ಸಿಂಪಡಿಸಿ, ಶಬ್ದ ಬದಲಾದರೆ ಅಲ್ಲಿ ಬಿರುಕಿದೆ. ಸೈಲೆನ್ಸರ್ ಬಿಸಿಯಿರುವಾಗ ಈ ಪರೀಕ್ಷೆ ಬೇಡ, ಬೆಂಕಿ ಹತ್ತೀತು. ಅದೇ ಕೈಯಲ್ಲಿ, ಒಳಗೆ ಹೋದ ಮಿಶ್ರಣ ಹಿಂದೆ ಬರದಂತೆ ತಡೆಯುವ ರೀಡ್ ವಾಲ್ವ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಉಕ್ಕಿನ ಎಲೆಗಳ ಸಂದಿಯಲ್ಲಿ ಬೆಳಕು ಕಾಣಬಾರದು, ತುದಿ ಮುಕ್ಕಾಗಿರಬಾರದು.

ಐದು ವರ್ಷ ನಿಂತ ಗಾಡಿಗೆ ಎರಡೂ ಸೀಲನ್ನು ಕೇಳದೆ ಬದಲಿಸಿ. ವಿಟಾನ್ ರಬ್ಬರಿನದು ಸಿಕ್ಕರೆ ಅದನ್ನೇ ತನ್ನಿ. ಬೋರು ಅಥವಾ ಕ್ರ್ಯಾಂಕ್ ಕೆಲಸ ಬಂದರೆ ಬ್ಲಾಕ್ ಹಿಡಿದುಕೊಂಡು ಬೆಳಗಾವಿಯ ಉದ್ಯಮಬಾಗಕ್ಕೆ ಹೋಗಿಬರುವುದು ಬಸ್ ಚಾರ್ಜಿಗೆ ಲಾಭ. ಅಳತೆ ಹಿಡಿದು ಕೆಲಸ ಮಾಡುವ ಯಂತ್ರದಂಗಡಿಗಳ ಊರು ಅದು. ಪಿಸ್ಟನ್ ಮೊದಲು ಕೊಂಡು ಜೊತೆಗೆ ಒಯ್ಯಿರಿ. ಕೊರೆಯಬೇಕಾದದ್ದು ಆ ಪಿಸ್ಟನ್ನಿನ ಅಳತೆಗೆ, ಪುಸ್ತಕದ ಅಳತೆಗಲ್ಲ. ಪಿಸ್ಟನ್ ಮತ್ತು ಗೋಡೆಯ ನಡುವೆ 0.03ರಿಂದ 0.04 ಮಿ.ಮೀ. ಸಂದು ಇರಲಿ. ರಿಂಗನ್ನು ಬೋರಿನೊಳಗಿಟ್ಟಾಗ ಅದರ ತುದಿಗಳ ನಡುವೆ 0.15ರಿಂದ 0.35 ಮಿ.ಮೀ. ಇರಬೇಕು. ಕೊರೆದ ಮೇಲೆ ಬೋರಿನ ಗೋಡೆಯ ಕಿಂಡಿಗಳಾದ ಪೋರ್ಟುಗಳ ಅಂಚನ್ನು ಸ್ವಲ್ಪ ಉಜ್ಜಿ ದುಂಡಗೆ ಮಾಡಿಸಿ, ಚೂಪಾಗಿ ಬಿಟ್ಟರೆ ರಿಂಗು ಸಿಕ್ಕಿ ಮುರಿಯುತ್ತದೆ. ಪಿಸ್ಟನ್ ತಲೆಯ ಬಾಣ ಮುಂದಕ್ಕೆ, ಸೈಲೆನ್ಸರ್ ಕಡೆಗೆ. ಪಿಸ್ಟನ್ನಿನ ಪಿನ್ ಜಾರದಂತೆ ಹಿಡಿಯುವ ಹಳೇ ಸರ್ಕ್ಲಿಪ್ ಮತ್ತೆ ಬಳಸಬಾರದು. ಕ್ರ್ಯಾಂಕ್ ಪ್ರೆಸ್ ಮಾಡಿಸಿದರೆ ಡಯಲ್ ಗೇಜ್ ಇಟ್ಟು ತಿರುಗುವಾಗಿನ ವಾರೆ ಓಟ 0.03 ಮಿ.ಮೀ. ಒಳಗಿದೆಯೇ ಎಂದು ಕಣ್ಣೆದುರೇ ತೋರಿಸಿಕೊಳ್ಳಿ. ‘ಕರೆಕ್ಟ್ ಐತ್ರೀ’ ಎಂಬ ಮಾತಿಗೆ ಡಯಲ್ಲಿನ ಮುಳ್ಳು ಸಾಕ್ಷಿಯಾಗಬೇಕು.

ಪೆಟ್ರೋಲಿನ ಮಾತಿಗೆ ಬರೋಣ. ನಿಮ್ಮೂರ ಹೊಲದ ಕಬ್ಬು ಕಾರ್ಖಾನೆಗೆ ಹೋಗಿ, ಎಥೆನಾಲ್ ಆಗಿ ನಿಮ್ಮ ಗಾಡಿಯ ಟ್ಯಾಂಕಿಗೇ ಮರಳುತ್ತಿದೆ. ಬಂಕಿನಲ್ಲಿ ಈಗ ಸಿಗುವುದು ನೂರಕ್ಕೆ 20 ಪಾಲು ಎಥೆನಾಲ್ ಬೆರೆಸಿದ್ದು. ಆರ್‌ಎಕ್ಸ್ ತಯಾರಾದಾಗ ಇದು ಇರಲಿಲ್ಲ. ಎಂಜಿನ್ ಹಾಳಾಗುತ್ತದೆ ಎಂಬುದು ಅರ್ಧ ಖರೆ. ಎಥೆನಾಲಿನಲ್ಲೇ ಆಮ್ಲಜನಕ ಇರುವುದರಿಂದ ಅದೇ ಗಾಳಿಗೆ ನೂರಕ್ಕೆ ಏಳು ಪಾಲಿನಷ್ಟು ಹೆಚ್ಚು ಇಂಧನ ಬೇಕಾಗುತ್ತದೆ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ತೂತಿನ ಹಳೇ ಜೆಟ್ಟು ಅದನ್ನು ಕೊಡುವುದಿಲ್ಲ, ಹಾಗಾಗಿ ಮಿಶ್ರಣ ತೆಳುವಾಗುತ್ತದೆ. ಕಳ್ಳಗಾಳಿಯಿಂದ ಆಗುವ ಅನಾಹುತವೇ ಇದು, ಬಂದ ಬಾಗಿಲು ಬೇರೆ. ಮೇನ್ ಜೆಟ್ಟಿನ ಮೇಲಿನ ಅಂಕಿ ನೋಡಿ ಒಂದು ಹೆಜ್ಜೆ ದೊಡ್ಡದು ಹಾಕಿ, ಉದಾಹರಣೆಗೆ 95 ಇದ್ದರೆ 100. ಕಾರ್ಬುರೇಟರಿನ ಸೂಜಿಯ ಕ್ಲಿಪ್ಪನ್ನು ಒಂದು ಕಚ್ಚು ಕೆಳಗಿಳಿಸಿದರೆ ಸೂಜಿ ಮೇಲೇರಿ ನಡುವಿನ ವೇಗದಲ್ಲೂ ಪೆಟ್ರೋಲ್ ಹೆಚ್ಚುತ್ತದೆ. ಏರ್ ಸ್ಕ್ರೂ ಪೂರ್ತಿ ಮುಚ್ಚಿ ಒಂದೂವರೆ ಸುತ್ತು ಬಿಚ್ಚಿ, ಅಲ್ಲಿಂದ ಐಡ್ಲಿಂಗ್ ನೋಡಿ ಹೊಂದಿಸಿ. ಈ ಮಿಕುನಿ ಕಾರ್ಬುರೇಟರಿನಲ್ಲಿ ಸ್ಕ್ರೂ ಒಳಗೆ ಹೋದಷ್ಟೂ ಪೆಟ್ರೋಲ್ ಹೆಚ್ಚು, ಎಷ್ಟೋ ಜನ ಉಲ್ಟಾ ತಿಳಿದಿರುತ್ತಾರೆ.

ಎಥೆನಾಲಿನ ಇನ್ನೊಂದು ಗುಣ ನೀರು ಹೀರುವುದು. ಮಳೆಗಾಲದಲ್ಲಿ ಟ್ಯಾಂಕಿಗೆ ನೀರು ಸೇರಿದರೆ ಎಥೆನಾಲ್ ಆ ನೀರಿನ ಜೊತೆ ಕೂಡಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಟೂ-ಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಕಾಕ್ ಎಳೆಯುವುದು ತಳದ್ದನ್ನು. ಎಂದರೆ ಪಂಪು ಕಿತ್ತು ಪೆಟ್ರೋಲಿಗೇ ಆಯಿಲ್ ಹಾಕಿದ ಗಾಡಿಗೆ ಎಣ್ಣೆಯಿಲ್ಲದ ದ್ರವ ಹೋಗುತ್ತದೆ. ಪಂಪಿದ್ದರೆ ಗಾಡಿ ನಿಂತುಹೋದೀತು, ಬೋರು ಉಳಿಯುತ್ತದೆ. ಪಂಪು ಉಳಿಸಿಕೊಳ್ಳಿ ಎಂದದ್ದು ಇದಕ್ಕೇ. ಪಂಪು ಸಿಗದ ಗಾಡಿಯಾದರೆ ಲೀಟರಿಗೆ 25ರಿಂದ 30 ಮಿ.ಲೀ. ಬೆರೆಸಿ, ಒಂದು ವಾರದಲ್ಲಿ ಖರ್ಚಾಗುವಷ್ಟೇ ತುಂಬಿಸಿ. ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಿದ್ದರೆ ಕಾಕ್ ಮುಚ್ಚಿ, ಕಾರ್ಬುರೇಟರಿನ ತಳದ ಬಟ್ಟಲಾದ ಫ್ಲೋಟ್ ಬೌಲಿನ ಪೆಟ್ರೋಲ್ ಬಸಿಯಿರಿ. ಪೆಟ್ರೋಲ್ ಪೈಪು, ಕಾಕಿನ ವಾಷರು, ಫ್ಲೋಟ್ ಸೂಜಿ ವರ್ಷಕ್ಕೊಮ್ಮೆ ಬದಲಿಸುವ ಸಾಮಾನು ಎಂದುಕೊಳ್ಳಿ.

ಜೆಟ್ ಸರಿಯಾಯಿತೋ ಇಲ್ಲವೋ ಪ್ಲಗ್ ಹೇಳುತ್ತದೆ. ಮೂರನೇ ಗೇರಿನಲ್ಲಿ ಅರ್ಧ ಕಿ.ಮೀ. ಎಳೆದು, ಒಮ್ಮೆಲೇ ಕ್ಲಚ್ ಹಿಡಿದು ಚಾವಿ ಬಂದ್ ಮಾಡಿ ಪ್ಲಗ್ ಬಿಚ್ಚಿ. ಚಹಾಪುಡಿಯ ಕಂದು ಬಣ್ಣ ಇದ್ದರೆ ಸರಿ. ಬಿಳಿ ಇದ್ದರೆ ತೆಳು, ಅದೇ ದಿನ ಸರಿಪಡಿಸಿ. ಕರಿ, ಒದ್ದೆ ಇದ್ದರೆ ದಪ್ಪ. ಅದರಿಂದ ಮೈಲೇಜ್ ಹೋಗುತ್ತದೆ, ಎಂಜಿನ್ ಹೋಗುವುದಿಲ್ಲ. ಪ್ಲಗ್ ಸಣ್ಣ ಚೂಡಿಯದೇ (ಥ್ರೆಡ್) ಆಗಬೇಕು, 12.7 ಮಿ.ಮೀ. ಉದ್ದದ್ದು. ಉದ್ದ ಚೂಡಿಯದು ಹಾಕಿದರೆ ಪಿಸ್ಟನ್ನಿಗೆ ಬಡಿಯುತ್ತದೆ. ಸಂದು 0.6ರಿಂದ 0.7 ಮಿ.ಮೀ. ಎನ್‌ಜಿಕೆ ಪ್ಲಗ್ಗಿನಲ್ಲಿ 7ರಿಂದ 8ಕ್ಕೆ ಹೋದರೆ ತಂಪು, ಬಾಷ್‌ನಲ್ಲಿ ಅಂಕಿ ಏರಿದಷ್ಟೂ ಬಿಸಿ. ಇದು ತಿಳಿಯದೆ ಬೇಸಿಗೆಗೆ ‘ದೊಡ್ಡ ನಂಬರ್’ ಕೇಳಬೇಡಿ.

ಹೊಸ ಪಿಸ್ಟನ್ ಹಾಕಿದ್ದರೆ ಮೊದಲ 500 ಕಿ.ಮೀ. 45ರೊಳಗೆ, ಆಮೇಲೆ 1000ದ ತನಕ 60ರೊಳಗೆ. ಒಂದೇ ವೇಗದಲ್ಲಿ ಎಳೆಯಬೇಡಿ, ಏರಿಸಿ ಇಳಿಸಿ ಓಡಿಸಿ. ಮೊದಲ ಟ್ಯಾಂಕಿಗೆ ಪಂಪಿನ ಎಣ್ಣೆಯ ಜೊತೆ ಲೀಟರಿಗೆ 10 ಮಿ.ಲೀ. ಹೆಚ್ಚುವರಿ ಬೆರೆಸಿ.

ದಿನಾ ಬಾಗಲಕೋಟೆಗೆ? ನಡೆಯುತ್ತದೆ. ಲೋಕಾಪುರ, ಕಲಾದಗಿ ರಸ್ತೆಯ ಸುಣ್ಣಕಲ್ಲಿನ ಧೂಳು ನಿಮ್ಮ ಏರ್ ಫಿಲ್ಟರಿನ ವೈರಿ. ಸ್ಪಂಜನ್ನು 1000 ಕಿ.ಮೀ.ಗೊಮ್ಮೆ ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಎಂಜಿನ್ ಆಯಿಲಿನಲ್ಲಿ ಅದ್ದಿ ಹಿಂಡಿ ಹಾಕಿ. ಫಿಲ್ಟರ್ ಕಿತ್ತು ‘ಪಿಕಪ್’ ಹೆಚ್ಚಿಸುವ ಹುಡುಗರು ಧೂಳಿಗೂ ತೆಳು ಮಿಶ್ರಣಕ್ಕೂ ಒಂದೇ ಏಟಿಗೆ ಬಾಗಿಲು ತೆರೆಯುತ್ತಾರೆ. ಗೇರ್ ಆಯಿಲ್ 3000 ಕಿ.ಮೀ.ಗೆ ಬದಲಿಸಿ, 600ರಿಂದ 650 ಮಿ.ಲೀ. ಸಾಕು. ಕ್ಲಚ್ ಅದರಲ್ಲೇ ಮುಳುಗಿರುವುದರಿಂದ ಕಾರಿನ ಆಯಿಲ್ ಹಾಕಬೇಡಿ, ಜಾರುತ್ತದೆ. 6000ಕ್ಕೊಮ್ಮೆ ಸೈಲೆನ್ಸರಿನ ಒಳಕೊಳವೆ ಎಳೆದು ಮಸಿ ಸುಟ್ಟು ತೆಗೆಯಿರಿ.

ಈ ಎಂಜಿನ್ನಿನ 11 ಅಶ್ವಶಕ್ತಿ ಪೂರ್ತಿ ಬರುವುದು 7500 ಸುತ್ತಿನಲ್ಲಿ, ಎಳೆತ ಹೆಚ್ಚಿರುವುದು 6500ರ ಹತ್ತಿರ. ನಾಲ್ಕನೇ ಗೇರಿನಲ್ಲಿ 25ಕ್ಕೆ ತಿಣುಕಿಸಬೇಡಿ, ಗೇರ್ ಇಳಿಸಿ. 55ರಿಂದ 65ರಲ್ಲಿ ದಿನವಿಡೀ ಹೋಗುತ್ತದೆ. ಎಚ್ಚರ ಬೇಕಾದದ್ದು ಏಪ್ರಿಲ್-ಮೇ ಮಧ್ಯಾಹ್ನ, ಕೊಲ್ಹಾರ ಸೇತುವೆ ದಾಟಿ ವಿಜಯಪುರದ ಕಡೆಗಿನಂಥ ನೇರ ಹೆದ್ದಾರಿಯಲ್ಲಿ. 40 ಡಿಗ್ರಿ ಬಿಸಿಲಿನಲ್ಲಿ ಆಕ್ಸಿಲೇಟರ್ ಪೂರ್ತಿ ತಿರುವಿ ಇಪ್ಪತ್ತು ನಿಮಿಷ ಹಿಡಿದರೆ ಸರಿಯಿರುವ ಎಂಜಿನ್ನೂ ಕಾಯುತ್ತದೆ. ಜಾಮ್ ಆಗುವ ಮೊದಲು ಸೂಚನೆ ಕೊಡುತ್ತದೆ: ಯಾರೋ ಹಿಂದಿನಿಂದ ಹಿಡಿದೆಳೆದಂತೆ ಶಕ್ತಿ ಕುಗ್ಗುತ್ತದೆ, ಶಬ್ದ ಬಿಗಿಯಾಗುತ್ತದೆ. ಆ ಕ್ಷಣ ಕ್ಲಚ್ ಹಿಡಿಯಬೇಕು. ಹಾಗಾಗಿ ಎರಡು ಬೆರಳು ಸದಾ ಕ್ಲಚ್ ಮೇಲಿರಲಿ. ನಿಂತ ಮೇಲೆ ಇಪ್ಪತ್ತು ನಿಮಿಷ ಆರಲು ಬಿಟ್ಟು, ಪ್ಲಗ್ ತೂತಿನಲ್ಲಿ ಸ್ವಲ್ಪ ಆಯಿಲ್ ಬಿಟ್ಟು ಮೆಲ್ಲಗೆ ತಿರುಗಿಸಿ ನೋಡಿ.

ಬ್ರೇಕು ಮುಂದೆಯೂ ಹಿಂದೆಯೂ 130 ಮಿ.ಮೀ. ಡ್ರಮ್. ಟೂ-ಸ್ಟ್ರೋಕಿಗೆ ಎಂಜಿನ್ ಬ್ರೇಕ್ ಇಲ್ಲವೆಂದೇ ತಿಳಿಯಿರಿ. ಕಬ್ಬಿನ ಹಂಗಾಮಿನಲ್ಲಿ ಕತ್ತಲಾದ ಮೇಲೆ ಓಡಾಡಬೇಡಿ, ಹಿಂದೀಪವಿಲ್ಲದ ಜೋಡಿ ಟ್ರೇಲರು ಈ ಹೆಡ್‌ಲೈಟಿಗೆ ಕಾಣುವ ಹೊತ್ತಿಗೆ ಈ ಬ್ರೇಕಿಗೆ ನಿಲ್ಲಿಸಲು ಜಾಗ ಇರುವುದಿಲ್ಲ. ಟೈರು ಮುಂದೆ 2.50-18, ಹಿಂದೆ 2.75-18, ಗಾಳಿ 25 ಮತ್ತು 28 ಪೌಂಡು, ಹಿಂದೆ ಒಬ್ಬರು ಕೂತರೆ ಹಿಂದಿನದಕ್ಕೆ 32.

ಗೋವಾಕ್ಕೆ ಜಾಂಬೋಟಿ, ಕಣಕುಂಬಿ ಮೇಲೆ ಚೋರ್ಲಾ ಘಾಟಿನಲ್ಲಿ ಹೋಗುವಿರಿ. ಏರುವಾಗ ಭಯಪಡುವ ಕಾರಣವಿಲ್ಲ, ಇಳಿಯುವಾಗ ಪಡಬೇಕು. ಆಕ್ಸಿಲೇಟರ್ ಬಂದ್ ಮಾಡಿ ಗೇರಿನಲ್ಲೇ ಇಳಿದರೆ ಗಾಲಿ ಎಂಜಿನ್ನನ್ನು ಜೋರಾಗಿ ತಿರುಗಿಸುತ್ತಿರುತ್ತದೆ, ಎಣ್ಣೆ ಮಾತ್ರ ಐಡ್ಲಿಂಗಿನಷ್ಟೇ ಬರುತ್ತದೆ. ಅರ್ಧ ನಿಮಿಷಕ್ಕೊಮ್ಮೆ ಕ್ಲಚ್ ಹಿಡಿದು ಆಕ್ಸಿಲೇಟರ್ ಒಂದೆರಡು ಸಾರಿ ತಿರುವಿ ಎಣ್ಣೆ ಕೊಡಿ. ಮೂರನೇ ಗೇರಿನಲ್ಲಿ ಎರಡೂ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯಿರಿ, ಒತ್ತಿ ಹಿಡಿದೇ ಇಳಿದರೆ ಡ್ರಮ್ ಕಾದು ಹಿಡಿತ ಬಿಡುತ್ತದೆ. ಮಳೆಯಿದ್ದರೆ ತಿರುವಿಗೆ ಮುಂಚೆಯೇ ಬ್ರೇಕ್ ಸ್ವಲ್ಪ ಸವರಿ ಒಳಗಿನ ನೀರು ಒಣಗಿಸಿಕೊಳ್ಳಿ. ಅರ್ಧ ಲೀಟರ್ ಟೂ-ಟಿ ಆಯಿಲ್, ಒಂದು ಹೊಸ ಪ್ಲಗ್, ಪ್ಲಗ್ ಪಾನಾ, ಕ್ಲಚ್ ಕೇಬಲ್, ಚೈನಿನ ಒಂದು ಕೊಂಡಿ ಜೊತೆಗಿರಲಿ. ಆಯಿಲ್ ಊರಲ್ಲೇ ಕೊಂಡುಕೊಂಡು ಹೋಗಿ, ಈಗ ಎಲ್ಲ ಬಂಕುಗಳಲ್ಲಿ ಇಟ್ಟಿರುವುದಿಲ್ಲ. ಮತ್ತು ಬೋರು ಮಾಡಿಸಿದ್ದರೆ, ಆ ಮೊದಲ 1000 ಕಿ.ಮೀ. ಬಾಗಲಕೋಟೆ ರಸ್ತೆಯಲ್ಲೇ ಮುಗಿಸಿ ಘಾಟಿಗೆ ಹೊರಡಿ.